ಕಾಂಟ್ರಾಕ್ಟರಿಗೆ ಕೊಟ್ಟ ದುಡ್ಡು, ಮನೆ ಮೇಲೆ ಬಿದ್ದ ಲೀನ್: ಕ್ಯಾಲಿಫೋರ್ನಿಯಾದ ಒಂದು ಅಡುಗೆಮನೆ ರಿಪೇರಿಯ ಪ್ರಕರಣ

ನಾನು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಸಣ್ಣ ಕಾಂಟ್ರಾಕ್ಟರುಗಳ ಲೆಕ್ಕಪತ್ರ ನೋಡಿಕೊಳ್ಳುವವಳು. ಬಿಲ್ ಕಳಿಸೋದು, ನೋಟಿಸ್ ಕಳಿಸೋದು, ಬಾಕಿ ವಸೂಲಿಗೆ ಫೋನ್ ಮಾಡೋದು ನನ್ನ ದಿನದ ಕೆಲಸ. ಅಂದರೆ ಮನೆಯವರ ಕೈಗೆ ಬಂದು ಅವರನ್ನು ಗಾಬರಿ ಮಾಡುವ ಕಾಗದಗಳನ್ನು ಕಳಿಸುವ ಕಡೆಯವಳು. ಈ ಪ್ರಕರಣದಲ್ಲಿ ಮಾತ್ರ ಕಾಗದ ಬಂದವರ ಕಡೆ ಕೂತಿದ್ದೆ. ಲೀನ್ ಅಂದರೆ ಬಾಕಿ ಹಣಕ್ಕೋಸ್ಕರ ಮನೆಯ ದಾಖಲೆಯ ಮೇಲೆ ಬರೆಸುವ ಹಕ್ಕು. ಕನ್ನಡ ಕೂಟದಲ್ಲಿ ಪರಿಚಯವಾದ ಒಂದು ಕುಟುಂಬ, ಅಲಮೀಡಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ತರ) ಮನೆ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಾನು ವಕೀಲೆ ಅಲ್ಲ. ಅವರಿಗೆ ವಕೀಲರೊಬ್ಬರು ಸಲಹೆ ಕೊಟ್ಟರು, ಆ ಮಾತು ಮುಂದೆ ಬರುತ್ತದೆ.

ಹಿನ್ನೆಲೆ

ಅರವತ್ತರ ದಶಕದ ಮನೆ. ಅಡುಗೆಮನೆ ಮತ್ತು ಎರಡು ಬಾತ್‌ರೂಮ್ ಪೂರ್ತಿ ಕಿತ್ತು ಹೊಸದಾಗಿ ಮಾಡಿಸಬೇಕಿತ್ತು. ಒಪ್ಪಂದ 88,000 ಡಾಲರ್. ಗಂಡ ಸಾಫ್ಟ್‌ವೇರ್‌ನಲ್ಲಿದ್ದಾರೆ. ಹೆಂಡತಿ ಮನೆಯ ಲೆಕ್ಕವನ್ನೆಲ್ಲ ಬರೆದಿಡುವವರು.

ಮಾಡಬೇಕಾದ ವಿಚಾರಣೆಯನ್ನು ಅವರು ಮಾಡಿದ್ದರು. ಕಾಂಟ್ರಾಕ್ಟರುಗಳ ರಾಜ್ಯ ಲೈಸೆನ್ಸ್ ಮಂಡಳಿಯ ತಾಣದಲ್ಲಿ ಲೈಸೆನ್ಸ್ ನಂಬರ್ ಹಾಕಿ ನೋಡಿದರು. ಚಾಲ್ತಿಯಲ್ಲಿತ್ತು, ದೂರುಗಳಿರಲಿಲ್ಲ, 25,000 ಡಾಲರಿನ ಬಾಂಡ್, ಅಂದರೆ ಕಾಂಟ್ರಾಕ್ಟರ್ ತಪ್ಪಿದರೆ ನಷ್ಟ ತುಂಬುವ ಖಾತ್ರಿ, ಇತ್ತು. (ಆ ಬಾಂಡ್ ನೋಡಿ ಜಾಸ್ತಿ ನೆಮ್ಮದಿ ಪಡಬೇಡಿ. ಅದು ಒಂದು ಮನೆಗೆ ಅಂತ ಇಟ್ಟ ಹಣ ಅಲ್ಲ, ಆ ಕಾಂಟ್ರಾಕ್ಟರ್ ಮೇಲೆ ಬರುವ ಎಲ್ಲರ ಕ್ಲೇಮಿಗೂ ಸೇರಿ ಇರೋದು.) ಅಡ್ವಾನ್ಸ್ ಬರೀ 1,000 ಡಾಲರ್. ಇಲ್ಲಿನ ಕಾನೂನಿನ ಪ್ರಕಾರ ಮನೆ ರಿಪೇರಿ ಕೆಲಸಕ್ಕೆ ಒಪ್ಪಂದದ ಶೇ. 10 ಅಥವಾ 1,000 ಡಾಲರ್, ಯಾವುದು ಕಮ್ಮಿಯೋ ಅದಕ್ಕಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಕಾಂಟ್ರಾಕ್ಟರ್ ಅಷ್ಟೇ ಕೇಳಿದ್ದ. ಅದರಿಂದಲೇ ಮನೆಯವರಿಗೆ ಅವನ ಮೇಲೆ ನಂಬಿಕೆ ಬಂತು.

ಉಳಿದ ಹಣ ಐದು ಕಂತು. ಕೆಡವುವ ಕೆಲಸ ಮತ್ತು ಗೋಡೆಯೊಳಗಿನ ಪೈಪು, ವೈರಿಂಗ್ ಮುಗಿದ ಮೇಲೆ 19,000. ಕ್ಯಾಬಿನೆಟ್ ಆರ್ಡರ್ ಮಾಡುವಾಗ 24,000. ಬಾತ್‌ರೂಮ್ ಟೈಲ್ಸ್ ಮುಗಿದಾಗ 18,000. ಕ್ಯಾಬಿನೆಟ್ ಕೂರಿಸಿ ಮೇಲಿನ ಕಲ್ಲು ಹಾಕಿದಾಗ 16,000. ಸಿಟಿಯವರ ಕೊನೆಯ ಇನ್ಸ್‌ಪೆಕ್ಷನ್ ಪಾಸಾದ ಮೇಲೆ 10,000.

ಎರಡನೇ ಕಂತನ್ನು ಇನ್ನೊಮ್ಮೆ ಓದಿ. ಕ್ಯಾಬಿನೆಟ್ ಮನೆಗೆ ಬಂದಾಗ ಅಲ್ಲ, ಆರ್ಡರ್ ಮಾಡುವಾಗ. ಅಡ್ವಾನ್ಸ್ ಬಿಟ್ಟರೆ, ಆಗಿರುವ ಕೆಲಸ ಮತ್ತು ಬಂದಿರುವ ಸಾಮಾನಿನ ಬೆಲೆಗಿಂತ ಹೆಚ್ಚು ಹಣ ಕೇಳೋದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅವಕಾಶವಿಲ್ಲ. ಅಡ್ವಾನ್ಸ್ ನಿಯಮ ಗೊತ್ತಿರುವವರಿಗೂ ಈ ಇನ್ನೊಂದು ನಿಯಮ ಗೊತ್ತಿರೋದಿಲ್ಲ. ಮನೆಯಾಕೆ ಕೇಳಿಯೂ ಇದ್ದರು: ಸಾಮಾನು ಬರೋ ಮೊದಲೇ ಯಾಕೆ ಇಷ್ಟು? ಫ್ಯಾಕ್ಟರಿಯವರು ಕೇಳ್ತಾರೆ ಮೇಡಂ ಅಂದ. ಮಾರ್ಚ್ ಮೊದಲ ವಾರದಲ್ಲಿ ಕೊಟ್ಟರು.

ಸಮಸ್ಯೆ

ಕೆಲಸ ಶುರುವಾದ ಫೆಬ್ರವರಿಯಲ್ಲೇ ಒಂದು ಸರ್ಟಿಫೈಡ್ ಅಂಚೆ ಬಂತು. ಪ್ಲಂಬರ್ ಕಳಿಸಿದ ಪ್ರಿಲಿಮಿನರಿ ನೋಟಿಸ್. ಏಪ್ರಿಲ್ ಕೊನೆಯಲ್ಲಿ ಕ್ಯಾಬಿನೆಟ್ ಅಂಗಡಿಯವರದು ಇನ್ನೊಂದು. ಗಾಬರಿಯಾಗಿ ಕಾಂಟ್ರಾಕ್ಟರಿಗೆ ತೋರಿಸಿದರು. ಎಲ್ಲ ಕೆಲಸದಲ್ಲೂ ಬರುತ್ತೆ, ಸುಮ್ನೆ ಫಾರ್ಮಾಲಿಟಿ, ತಲೆ ಕೆಡಿಸ್ಕೋಬೇಡಿ ಅಂದ. ಅವನ ಮಾತಿನ ಮೊದಲರ್ಧ ನಿಜ. ಕಾಂಟ್ರಾಕ್ಟರಿನ ಕೈಕೆಳಗೆ ಕೆಲಸ ಹಿಡಿಯುವ ಒಳ್ಳೆಯ ಸಬ್ ಕಾಂಟ್ರಾಕ್ಟರುಗಳು ಪ್ರತಿ ಕೆಲಸಕ್ಕೂ ಕಳಿಸುತ್ತಾರೆ, ನನ್ನ ಗ್ರಾಹಕರ ಪರವಾಗಿ ನಾನೂ ಕಳಿಸುತ್ತೇನೆ. ಆದರೆ ಅದು ತಲೆ ಕೆಡಿಸಿಕೊಳ್ಳಬೇಕಾದ ಕಾಗದವೇ. "ನಿಮ್ಮ ಮನೆಗೆ ನಾನು ದುಡಿಯುತ್ತಿದ್ದೇನೆ, ನನಗೆ ದುಡ್ಡು ಬರದಿದ್ದರೆ ನಿಮ್ಮ ಮನೆ ಮೇಲೆ ನನಗೆ ಹಕ್ಕಿದೆ" ಅಂತ ಒಬ್ಬ ಅಪರಿಚಿತ ತನ್ನ ವಿಳಾಸ, ಫೋನ್ ನಂಬರ್, ಅಂದಾಜು ಮೊತ್ತ ಎಲ್ಲ ಕೊಟ್ಟು ಹೇಳುವ ಕಾಗದ ಅದು. ಕವರ್ ಸಮೇತ ಎರಡೂ ಡ್ರಾಯರ್ ಸೇರಿದವು.

ಮೇ 12ಕ್ಕೆ ಕ್ಯಾಬಿನೆಟ್ ಅಂಗಡಿಯಿಂದ ಫೋನ್. ಬಿಲ್ 17,500, ಕಾಂಟ್ರಾಕ್ಟರ್ ಕೊಟ್ಟಿದ್ದು 3,500, ಬಾಕಿ 14,000. ಕ್ಯಾಬಿನೆಟ್‌ಗಳು ಆಗಲೇ ಗೋಡೆಯಲ್ಲಿ ಕೂತಿವೆ. ಮನೆಯವರು ಅದಕ್ಕೆ ಅಂತ 24,000 ಕೊಟ್ಟು ಎರಡು ತಿಂಗಳಾಗಿದೆ.

ಆವತ್ತು ರಾತ್ರಿ ಮೈಸೂರಿಗೆ ಫೋನ್ ಮಾಡಿದಾಗ ಗಂಡನ ತಂದೆ ಕೇಳಿದ್ದು: "ನೀವು ದುಡ್ಡು ಕೊಟ್ಟಾಯ್ತಲ್ಲಪ್ಪ. ಮೇಸ್ತ್ರಿ ಅಂಗಡಿಗೆ ಕೊಡದಿದ್ರೆ ಅಂಗಡಿಯವನು ಮೇಸ್ತ್ರಿ ಕುತ್ತಿಗೆಪಟ್ಟಿ ಹಿಡೀತಾನೆ. ನಿಮ್ಮ ಮನೆಗೇನು ಸಂಬಂಧ?"

ನಮ್ಮ ಕಡೆ ಇದು ಸರಿಯಾದ ಪ್ರಶ್ನೆ. ಮೈಸೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯವನು ಬಾಕಿಗೋಸ್ಕರ ನೇರವಾಗಿ ನಿಮ್ಮ ಮನೆಯ ದಾಖಲೆಯ ಮೇಲೆ ಹಕ್ಕು ಬರೆಸೋಕೆ ಆಗೋದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಕಾನೂನು ಬೇರೆ ತರ. ವಾಷಿಂಗ್ಟನ್ ನಗರ ಕಟ್ಟುವ ಕಾಲಕ್ಕೆ, 1791ರಲ್ಲಿ, ಮೇರಿಲ್ಯಾಂಡ್ ರಾಜ್ಯ ಕಟ್ಟಡದ ಕೆಲಸಗಾರರಿಗೆ ಕಟ್ಟಡದ ಮೇಲೆಯೇ ಹಕ್ಕು ಕೊಟ್ಟಿತು. ಅಲ್ಲಿಂದ ಎಲ್ಲ ರಾಜ್ಯಗಳಿಗೂ ಹರಡಿತು. ಕ್ಯಾಲಿಫೋರ್ನಿಯಾದಲ್ಲಂತೂ ಇದು ಸಂವಿಧಾನದಲ್ಲೇ ಇದೆ. ಹೆಸರು ಮೆಕ್ಯಾನಿಕ್ಸ್ ಲೀನ್. ಹಣ ಬರದ ಸಬ್ ಕಾಂಟ್ರಾಕ್ಟರ್ ಅಥವಾ ಸಾಮಾನು ಕೊಟ್ಟ ಅಂಗಡಿ ಆಸ್ತಿ ದಾಖಲೆ ಇಡುವ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಇದನ್ನು ದಾಖಲಿಸಿದರೆ ಮನೆ ಮಾರೋದು, ಸಾಲ ಬದಲಿಸೋದು ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಕೋರ್ಟಿಗೆ ಹೋಗಿ ಗೆದ್ದರೆ ಮನೆ ಮಾರಿಸಿ ವಸೂಲಿ ಮಾಡುವ ಹಕ್ಕೂ ಇದೆ. ಮನೆಯವರು ಕಾಂಟ್ರಾಕ್ಟರಿಗೆ ಪೂರ್ತಿ ಕೊಟ್ಟಿದ್ದಾರೆ ಅನ್ನೋದು ಇಲ್ಲಿ ಉತ್ತರ ಆಗೋದಿಲ್ಲ. ಒಂದೇ ಕ್ಯಾಬಿನೆಟ್ಟಿಗೆ ಎರಡು ಸಲ ದುಡ್ಡು ಕೊಡಬೇಕಾದೀತು.

ಮೊದಲ ತಿರುವು: 16,000ದ ಚೆಕ್

ಅವರು ನನ್ನ ಹತ್ತಿರ ಬಂದದ್ದು ಆಗ. ನಾಲ್ಕನೇ ಕಂತು 16,000 ಆ ವಾರವೇ ಕೊಡಬೇಕಿತ್ತು. ಕಲ್ಲು ಕೂರಿಸಿ ಆಗಿತ್ತು, ಕೆಲಸದಲ್ಲಿ ಕೊರತೆ ಇರಲಿಲ್ಲ. ಕಾಂಟ್ರಾಕ್ಟರ್ ಇನ್ನೊಂದು ಮನೆಯ ದುಡ್ಡು ಬರಬೇಕು, ಬಂದ ತಕ್ಷಣ ಅಂಗಡಿಗೆ ಕೊಡ್ತೀನಿ ಅಂತಿದ್ದ. ಆ ಮಾತಿನಲ್ಲೇ ವಿಷಯ ಹೊರಗೆ ಬಿತ್ತು: ಇವರ ಕ್ಯಾಬಿನೆಟ್ ಹಣ ಇನ್ನೊಬ್ಬರ ಮನೆಗೆ ಹೋಗಿದೆ. ಈ ದಂಧೆಯಲ್ಲಿ ಇದು ತುಂಬ ಸಾಮಾನ್ಯ. ಮೋಸ ಮಾಡಬೇಕು ಅಂತ ಹೊರಟವರು ಕಮ್ಮಿ. ಹಿಂದಿನ ಕೆಲಸದ ಸಾಲವನ್ನು ಮುಂದಿನ ಕೆಲಸದ ಅಡ್ವಾನ್ಸ್‌ನಿಂದ ತೀರಿಸುತ್ತಾ ಓಡುವವರೇ ಹೆಚ್ಚು. ಹಾಗಂತ ಅದು ತಪ್ಪಲ್ಲ ಅಂತಲ್ಲ. ಒಂದು ಕೆಲಸಕ್ಕೆ ಪಡೆದ ಹಣವನ್ನು ಇನ್ನೊಂದಕ್ಕೆ ಬಳಸಿದರೆ ಲೈಸೆನ್ಸ್ ಮಂಡಳಿ ಕ್ರಮ ತೆಗೆದುಕೊಳ್ಳಬಹುದು.

ಮನೆಯ ಗಂಡನ ಮೊದಲ ಯೋಚನೆ: ಒಂದು ಡಾಲರೂ ಕೊಡೋದು ಬೇಡ. ಹಾಗೆ ಮಾಡಿದ್ದರೆ ಕೆಲಸ ನಿಲ್ಲುತ್ತಿತ್ತು, ಕಾಂಟ್ರಾಕ್ಟರಿಗೇ ಲೀನ್ ಹಾಕೋಕೆ ಕಾರಣ ಸಿಗುತ್ತಿತ್ತು. ಎರಡನೇ ಯೋಚನೆ: ಕಾಂಟ್ರಾಕ್ಟರಿಂದ "ಎಲ್ಲರಿಗೂ ಕೊಟ್ಟಿದ್ದೇನೆ" ಅಂತ ಬರೆಸಿಕೊಂಡು ಚೆಕ್ ಕೊಡೋದು. ಇದು ಅದಕ್ಕಿಂತ ಅಪಾಯ. ಸಬ್ ಕಾಂಟ್ರಾಕ್ಟರಿನ ಹಕ್ಕನ್ನು ಕಾಂಟ್ರಾಕ್ಟರ್ ಬಿಟ್ಟುಕೊಡೋಕೆ ಆಗೋದಿಲ್ಲ. ಯಾರ ಹಕ್ಕೋ ಅವರೇ ಸಹಿ ಮಾಡಬೇಕು, ಅದೂ ಕಾನೂನಿನಲ್ಲೇ ಕೊಟ್ಟಿರುವ ನಮೂನೆಯಲ್ಲಿ. ಇದಕ್ಕೆ ರಿಲೀಸ್ ಅನ್ನುತ್ತಾರೆ, ಅಂಥ ನಾಲ್ಕು ನಮೂನೆಗಳಿವೆ. ಮಧ್ಯದ ಕಂತಿಗೆ ಎರಡು, ಕೊನೆಯ ಕಂತಿಗೆ ಎರಡು. ಪ್ರತಿ ಜೋಡಿಯಲ್ಲಿ ಒಂದು "ಚೆಕ್ ಪಾಸಾದರೆ ನನ್ನ ಹಕ್ಕು ಬಿಟ್ಟೆ" ಅನ್ನುವ ಷರತ್ತಿನದು, ಇನ್ನೊಂದು "ಹಣ ಬಂದಿದೆ, ಹಕ್ಕು ಬಿಟ್ಟಿದ್ದೇನೆ" ಅನ್ನುವ ಷರತ್ತಿಲ್ಲದ್ದು.

ಮನೆಯಾಕೆ ಡ್ರಾಯರಿನಿಂದ ನೋಟಿಸುಗಳನ್ನು ತೆಗೆದು ಒಂದು ಪಟ್ಟಿ ಮಾಡಿದರು. ಯಾರು ನೋಟಿಸ್ ಕೊಟ್ಟಿದ್ದಾರೆ, ಎಷ್ಟು ಮೊತ್ತ, ಎಷ್ಟು ಬಂದಿದೆ ಅಂತ ಅವರೇ ಹೇಳಿದ್ದು. ನೋಟಿಸಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ ಪ್ಲಂಬರ್ ಹತ್ತಿರ ನೇರವಾಗಿ ಕೇಳಿದರು. ಅವನಿಗೆ ಪೂರ್ತಿ ಬಂದಿತ್ತು. ಷರತ್ತಿಲ್ಲದ ರಿಲೀಸ್ ಎರಡು ದಿನದಲ್ಲಿ ಇಮೇಲ್ ಮಾಡಿದ.

ಉಳಿದದ್ದು ಕ್ಯಾಬಿನೆಟ್. ನಾವು ಹಿಡಿದ ದಾರಿ ಜಾಯಿಂಟ್ ಚೆಕ್. 14,000ಕ್ಕೆ ಕಾಂಟ್ರಾಕ್ಟರ್ ಮತ್ತು ಕ್ಯಾಬಿನೆಟ್ ಅಂಗಡಿ ಇಬ್ಬರ ಹೆಸರಲ್ಲೂ ಒಂದು ಚೆಕ್, ಇಬ್ಬರೂ ಸಹಿ ಹಾಕದೆ ಅದು ಪಾಸಾಗೋದಿಲ್ಲ. ಬಾಕಿ 2,000 ಕಾಂಟ್ರಾಕ್ಟರ್ ಒಬ್ಬನ ಹೆಸರಲ್ಲಿ. ಅಂಗಡಿಯವರು ಮೊದಲು ಷರತ್ತಿನ ರಿಲೀಸ್ ಕೊಡಬೇಕು, ಚೆಕ್ ಪಾಸಾದ ಮೇಲೆ ಷರತ್ತಿಲ್ಲದ್ದು.

ಕಾಂಟ್ರಾಕ್ಟರ್ ಕೂಗಾಡಿದ. ನನ್ನ ಮೇಲೆ ನಂಬಿಕೆ ಇಲ್ವಾ, ನನ್ನ ಹುಡುಗರಿಗೆ ಸಂಬಳ ಎಲ್ಲಿಂದ ಕೊಡ್ಲಿ ಅಂದ. ಮನೆಯಾಕೆ ಒಪ್ಪಂದದ ಜೊತೆಗಿದ್ದ ಲೀನ್ ಎಚ್ಚರಿಕೆಯ ಪುಟವನ್ನು ಅವನ ಮುಂದಿಟ್ಟರು. ಕ್ಯಾಲಿಫೋರ್ನಿಯಾದ ಪ್ರತಿ ಮನೆ ರಿಪೇರಿ ಒಪ್ಪಂದದಲ್ಲೂ ಆ ಪುಟ ಇರಲೇಬೇಕು. ಜಾಯಿಂಟ್ ಚೆಕ್ ಕೊಡಿ ಅಂತ ಅದರಲ್ಲೇ ಬರೆದಿದೆ. ಅವನೇ ಕೊಟ್ಟ ಕಾಗದ, ಸಹಿಯೂ ಅವನದೇ. ಮೇ 19ಕ್ಕೆ ಚೆಕ್ ಕೈ ಬದಲಾಯಿತು. ಆಮೇಲೆ ಎರಡು ವಾರ ಮನೆ ಕಡೆ ಯಾರೂ ಬರಲಿಲ್ಲ. ಅಡುಗೆಮನೆಯಲ್ಲಿ ಸಿಂಕ್ ಇದೆ, ನಲ್ಲಿ ಇಲ್ಲ. ಪಾತ್ರೆ ತೊಳೆಯೋದು ಬಾತ್‌ಟಬ್‌ನಲ್ಲಿ. ಕೊನೆಗೂ ಕಾಂಟ್ರಾಕ್ಟರ್ ವಾಪಸ್ ಬಂದದ್ದು ಮುನಿಸು ಇಳಿದು ಅಂತ ನನಗನ್ನಿಸೋದಿಲ್ಲ. 10,000 ಇನ್ನೂ ಮನೆಯವರ ಕೈಯಲ್ಲಿತ್ತು.

ಎರಡನೇ ತಿರುವು: ಪಟ್ಟಿಯಲ್ಲಿ ಇಲ್ಲದ ಟೈಲ್ಸ್ ಮೇಸ್ತ್ರಿ

ಆ ಪಟ್ಟಿಗೆ ಒಂದು ತೂತು ಇತ್ತು. ನೋಟಿಸ್ ಕೊಟ್ಟವರು ಮಾತ್ರ ಅದರಲ್ಲಿದ್ದರು. ಟೈಲ್ಸ್ ಮೇಸ್ತ್ರಿ ಏಪ್ರಿಲ್ 2ರಿಂದ ಎರಡೂ ಬಾತ್‌ರೂಮಿಗೆ ಟೈಲ್ಸ್ ಹಾಕಿದ್ದ. ತುಂಬ ನೀಟಾದ ಕೆಲಸಗಾರ. ನೆಲಕ್ಕೆ ಆರು ಮೂಲೆಯ ಸಣ್ಣ ಟೈಲ್ಸ್, ಒಂದೊಂದು ಗೆರೆಯೂ ಬಾಗಿಲ ಚೌಕಟ್ಟಿಗೆ ಸರಿಯಾಗಿ ಬಂದು ನಿಲ್ಲುವ ಹಾಗೆ ಕೂರಿಸಿದ್ದ. ಜೂನ್ 5, 6ಕ್ಕೆ ಮತ್ತೆ ಬಂದು ಅಡುಗೆಮನೆಯ ಕಟ್ಟೆ ಹಿಂದಿನ ಗೋಡೆಯ ಟೈಲ್ಸ್, ಅಂದರೆ ಬ್ಯಾಕ್‌ಸ್ಪ್ಲಾಶ್ ಮುಗಿಸಿ ಹೋದ. ಅವನ ಪ್ರಿಲಿಮಿನರಿ ನೋಟಿಸ್ ಬಂದದ್ದು ಅದಾದ ಮೇಲೆ. ಕವರಿನ ಮೇಲೆ ಜೂನ್ 12ರ ಅಂಚೆ ಮುದ್ರೆ.

ಜೂನ್ 27ಕ್ಕೆ ಇನ್ಸ್‌ಪೆಕ್ಷನ್ ಪಾಸಾಯಿತು. ಮನೆಯವರು ಜುಲೈ 3ಕ್ಕೆ ಓಕ್‌ಲ್ಯಾಂಡಿನ ಕೌಂಟಿ ಕಚೇರಿಯಲ್ಲಿ, ಕೆಲಸ ಮುಗಿಯಿತು ಅಂತ ತಿಳಿಸುವ ನೋಟಿಸ್ ಆಫ್ ಕಂಪ್ಲೀಶನ್ ದಾಖಲಿಸಿದರು. ಕೆಲಸ ಮುಗಿದ 15 ದಿನದೊಳಗೆ ಇದನ್ನು ದಾಖಲಿಸಿದರೆ, ಲೀನ್ ಹಾಕೋಕೆ ಸಬ್ ಕಾಂಟ್ರಾಕ್ಟರುಗಳಿಗೆ ಇರುವ 90 ದಿನದ ಗಡುವು 30 ದಿನಕ್ಕೆ ಇಳಿಯುತ್ತದೆ, ಕಾಂಟ್ರಾಕ್ಟರಿನದು 60ಕ್ಕೆ. ಸಣ್ಣ ಫೀಸಿನ ಕೆಲಸ. ನನಗೆ ಗೊತ್ತಿರುವ ಮನೆಯವರಲ್ಲಿ ಇದನ್ನು ಮಾಡಿಸುವವರು ಅಪರೂಪ.

ಟೈಲ್ಸ್ ಮೇಸ್ತ್ರಿ ಗಡುವಿನೊಳಗೇ, ಜುಲೈ 28ಕ್ಕೆ ಲೀನ್ ಹಾಕಿದ. 9,800 ಡಾಲರ್. ಬಾತ್‌ರೂಮಿನದು 8,100, ಬ್ಯಾಕ್‌ಸ್ಪ್ಲಾಶ್ 1,700. ಕಾಂಟ್ರಾಕ್ಟರ್ ಅವನಿಗೆ ಏನೂ ಕೊಟ್ಟಿರಲಿಲ್ಲ. ಬಾತ್‌ರೂಮ್ ಟೈಲ್ಸ್ ಕಂತು ಅಂತ ಮನೆಯವರು 18,000 ಕೊಟ್ಟದ್ದು ಏಪ್ರಿಲ್‌ನಲ್ಲಿ.

ಈಗ ವಕೀಲರ ಹತ್ತಿರ ಹೋದರು. ವಕೀಲರು ಮೊದಲು ಕೇಳಿದ್ದು ನೋಟಿಸಿನ ಕವರ್. ಸಬ್ ಕಾಂಟ್ರಾಕ್ಟರ್ ಕೆಲಸ ಶುರು ಮಾಡಿದ 20 ದಿನದೊಳಗೆ ಪ್ರಿಲಿಮಿನರಿ ನೋಟಿಸ್ ಕೊಡಬೇಕು. ತಡವಾಗಿ ಕೊಟ್ಟರೆ ಪೂರ್ತಿ ಹಕ್ಕು ಹೋಗೋದಿಲ್ಲ, ಆದರೆ ನೋಟಿಸಿಗೆ ಹಿಂದಿನ 20 ದಿನ ಮತ್ತು ಅದರ ಮುಂದಿನ ಕೆಲಸಕ್ಕೆ ಮಾತ್ರ ಹಕ್ಕು ಉಳಿಯುತ್ತದೆ. ಜೂನ್ 12ರಿಂದ 20 ದಿನ ಹಿಂದೆ ಹೋದರೆ ಮೇ 23. ಬಾತ್‌ರೂಮ್ ಅದಕ್ಕೂ ಮೊದಲೇ ಮುಗಿದಿತ್ತು ಅಂತ ತೋರಿಸೋದು ಹೇಗೆ? ಮೈಸೂರಿನ ಅತ್ತೆಗೆ ಪ್ರತಿ ಸಂಜೆ ವಾಟ್ಸ್ಯಾಪ್‌ನಲ್ಲಿ ಫೋಟೋ ಹೋಗುತ್ತಿತ್ತು. ಏಪ್ರಿಲ್ 16ರ ಫೋಟೋದಲ್ಲಿ ಎರಡೂ ಬಾತ್‌ರೂಮಿನ ಗ್ರೌಟ್ ಒಣಗಿದೆ, ನೆಲದ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಸುತ್ತಿಟ್ಟಿದ್ದಾರೆ. ಕೆಳಗೆ ಅತ್ತೆಯ ಉತ್ತರ: "ಜಾರಲ್ಲ ತಾನೆ?"

ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಲೀನ್ ನಿಲ್ಲುವುದು 1,700ಕ್ಕೆ. ವಕೀಲರ ಸಲಹೆ ನೇರವಾಗಿತ್ತು: ಅಷ್ಟಕ್ಕೆ ಜಾಯಿಂಟ್ ಚೆಕ್ ಕೊಟ್ಟು ರಿಲೀಸ್ ಪಡೆಯಿರಿ, ಉಳಿದ 8,300 ಕಾಂಟ್ರಾಕ್ಟರಿಗೆ ಕೊಟ್ಟು ಮುಗಿಸಿ. ಕಾಂಟ್ರಾಕ್ಟರಿಗೂ ಅದೇ ಬೇಕಿತ್ತು. ಗಂಡನಿಗೂ. ಬಡ್ಡಿ ಕಮ್ಮಿಯಾಗುವ ಹಾಗೆ ಮನೆ ಸಾಲ ಬದಲಿಸುವ ಅರ್ಜಿ ಬ್ಯಾಂಕಿನಲ್ಲಿತ್ತು, ಲೀನ್ ಕಾಣಿಸಿದ ಕೂಡಲೇ ಬ್ಯಾಂಕಿನವರು ಅದನ್ನು ಪಕ್ಕಕ್ಕಿಟ್ಟಿದ್ದರು.

ಮನೆಯಾಕೆ ಒಪ್ಪಲಿಲ್ಲ. ನಾನು ಈ ಪ್ರಕರಣ ಬರೆಯಲು ಹೊರಟದ್ದೇ ಈ ಜಾಗಕ್ಕೋಸ್ಕರ. ಅವರ ಮಾತು ಇಷ್ಟೇ: "ಕೊನೆ ಕಂತಿನ 10,000 ಹೇಗಿದ್ರೂ ನಾವು ಕೊಡಲೇಬೇಕಾದ ದುಡ್ಡು. ಕೆಲಸ ಮಾಡಿದೋನಿಗೆ ಹೋದ್ರೇನು, ದುಡ್ಡು ತಿಂದೋನಿಗೆ ಹೋದ್ರೇನು, ನಮಗೆ ಖರ್ಚು ಒಂದೇ. ಹಾಗಿರುವಾಗ ಮೇಸ್ತ್ರಿಗೇ ಹೋಗಲಿ." ಕರುಣೆಯ ಮಾತು ಅಂತ ಕಾಣುತ್ತದೆ. ನನ್ನ ಪ್ರಕಾರ ಒಳ್ಳೆಯ ವ್ಯವಹಾರವೂ ಹೌದು. 1,700ಕ್ಕೆ ಅಂತ ಹಠ ಹಿಡಿದರೆ ಮೇಸ್ತ್ರಿ ಕೋರ್ಟಿಗೆ ಹೋಗಬಹುದು, ಮನೆಯವರು ಗೆದ್ದರೂ ತಿಂಗಳುಗಟ್ಟಲೆ ಸಾಲದ ಅರ್ಜಿ ನಿಂತಿರುತ್ತದೆ.

ಆದರೆ ಸುಮ್ನೆ ಮೇಸ್ತ್ರಿಗೆ 9,800 ಕೊಟ್ಟುಬಿಡೋ ಹಾಗೂ ಇರಲಿಲ್ಲ. ಒಪ್ಪಂದ ಇರೋದು ಕಾಂಟ್ರಾಕ್ಟರ್ ಜೊತೆ. ಅವನ ಒಪ್ಪಿಗೆ ಇಲ್ಲದೆ ಕೊಟ್ಟರೆ ನಾಳೆ ಅವನು ಬಂದು ನನ್ನ 10,000 ಎಲ್ಲಿ ಅಂತ ಕೇಳಬಹುದು. ಅವನ ಸಹಿ ಬೇಕೇ ಬೇಕು.

ಹಾಗಾಗಿ ಮೂರು ಕಾಗದ ಹೊರಟವು. ಕಾಂಟ್ರಾಕ್ಟರಿಗೆ: ನಿನ್ನ ಸಬ್ ಕಾಂಟ್ರಾಕ್ಟರ್ ಹಾಕಿದ ಲೀನ್ ಬಗೆಹರಿಯುವವರೆಗೆ ತಕರಾರಿನ ಹಣ ಹಿಡಿದಿಡುತ್ತೇವೆ. ಅವನು ದಾವೆ ಹಾಕಿದರೆ ನಿನ್ನ ಖರ್ಚಿನಲ್ಲಿ ನೀನೇ ವಾದಿಸಬೇಕು ಅಂತ ಕಾನೂನು ಹೇಳುತ್ತದೆ. ಇಲ್ಲವೇ 9,800ರ ಜಾಯಿಂಟ್ ಚೆಕ್ಕಿಗೆ ಒಪ್ಪಿ ಸಹಿ ಮಾಡು. ಮೇಸ್ತ್ರಿಗೆ: ನೋಟಿಸ್ ತಡವಾಗಿದೆ, ಇಲ್ಲಿದೆ ಕವರ್, ಇಲ್ಲಿವೆ ಫೋಟೋಗಳು. ಲೀನ್ ಹಾಕಿದ 90 ದಿನದೊಳಗೆ ದಾವೆ ಹಾಕದಿದ್ದರೆ ಅದಕ್ಕೆ ಬಲ ಇರೋದಿಲ್ಲ, ಆದರೂ ನಿನಗೆ ಪೂರ್ತಿ ಕೊಡಿಸಲು ನೋಡುತ್ತಿದ್ದೇವೆ, ಸ್ವಲ್ಪ ತಾಳು. ಬ್ಯಾಂಕಿಗೆ: ಲೀನ್ ಇತ್ಯರ್ಥವಾಗುತ್ತಿದೆ.

ಇನ್ನೊಂದು ದಾರಿಯೂ ಇತ್ತು. ಲೀನ್ ಮೊತ್ತದ ಶೇ. 125ರಷ್ಟು ಬಾಂಡ್ ಕೊಟ್ಟರೆ ಮನೆ ತಕ್ಷಣ ಬಿಡುಗಡೆ, ತಕರಾರು ಬಾಂಡಿನ ಮೇಲೆ ಮುಂದುವರಿಯುತ್ತದೆ. ಮನೆ ಮಾರಾಟ ನಾಡಿದ್ದು ಅನ್ನುವವರಿಗೆ ಅದು ಸರಿ. ಇವರಿಗೆ ಅಷ್ಟು ಅವಸರ ಇರಲಿಲ್ಲ.

ಏನಾಯಿತು

ಕಾಂಟ್ರಾಕ್ಟರ್ ಮೂರು ವಾರ ಉತ್ತರ ಕೊಡಲಿಲ್ಲ. ಲೈಸೆನ್ಸ್ ಮಂಡಳಿಗೆ ಕೊಡಲು ಬರೆದಿಟ್ಟ ದೂರಿನ ಪ್ರತಿಯನ್ನು ವಕೀಲರು ಅವನಿಗೆ ತೋರಿಸಬಹುದೇ ಅಂತ ಮನೆಯವರು ಕೇಳಿದರು. ವಕೀಲರು ಬೇಡ ಅಂದರು. ಹಣಕ್ಕೋಸ್ಕರ ದೂರಿನ ಬೆದರಿಕೆ ಹಾಕೋದು ಬೇರೆ ತೊಂದರೆ ತರುತ್ತದೆ, ದೂರು ಕೊಡುವುದಿದ್ದರೆ ಕೊಡಿ, ಚೌಕಾಸಿಗೆ ಬಳಸಬೇಡಿ ಅಂದರು. ಈ ಸಲಹೆ ನನಗೆ ತುಂಬ ಹಿಡಿಸಿತು. ನಮ್ಮವರು ಕೋಪದಲ್ಲಿ ಮೊದಲು ಎತ್ತುವ ಅಸ್ತ್ರವೇ ಅದು.

ಸೆಪ್ಟೆಂಬರಿನಲ್ಲಿ ಕಾಂಟ್ರಾಕ್ಟರ್ ತಾನಾಗಿ ಫೋನ್ ಮಾಡಿದ. ಇನ್ನೊಂದು ಕೆಲಸಕ್ಕೆ ಅದೇ ಟೈಲ್ಸ್ ಮೇಸ್ತ್ರಿ ಬೇಕಾಗಿದ್ದನಂತೆ, ಬಾಕಿ ತೀರುವವರೆಗೆ ಬರೋದಿಲ್ಲ ಅಂದಿದ್ದನಂತೆ. 9,800ಕ್ಕೆ ಜಾಯಿಂಟ್ ಚೆಕ್, 200 ಡಾಲರ್ ಕಾಂಟ್ರಾಕ್ಟರಿಗೆ. ಚೆಕ್ ಪಾಸಾದ ಮೇಲೆ ಮೇಸ್ತ್ರಿಯಿಂದ ಮತ್ತು ಕಾಂಟ್ರಾಕ್ಟರಿಂದ ಕೊನೆಯ ಷರತ್ತಿಲ್ಲದ ರಿಲೀಸ್. ಇದರ ಜೊತೆಗೆ ಲೀನ್ ಬಿಡುಗಡೆ ಪತ್ರ ಕೌಂಟಿಯಲ್ಲಿ ದಾಖಲಾಗಬೇಕಿತ್ತು. ರಿಲೀಸ್ ಕಾಗದ ಕೈಗೆ ಬಂದರೆ ಸಾಲದು. ದಾಖಲೆಯಲ್ಲಿರುವ ಲೀನ್ ತಾನಾಗಿ ಅಳಿಸಿಹೋಗೋದಿಲ್ಲ.

ಮನೆಯವರಿಗೆ ಒಟ್ಟು ಖರ್ಚು 88,000 ಮತ್ತು ವಕೀಲರ ಫೀಸು. ಎರಡು ಸಲ ಕೊಟ್ಟದ್ದು ಏನೂ ಇಲ್ಲ. ಸಾಲದ ಅರ್ಜಿ ಮತ್ತೆ ನಡೆಯಿತು. ಆದರೆ ಮೊದಲು ಸಿಕ್ಕಿದ್ದ ಬಡ್ಡಿ ದರ ಸಿಗಲಿಲ್ಲ.

ಇದರಲ್ಲಿ ಅದೃಷ್ಟ ಎಷ್ಟು? ಸಾಕಷ್ಟು. ಕೊನೆಯ ಕಂತು ಟೈಲ್ಸ್ ಬಾಕಿಗಿಂತ 200 ಡಾಲರ್ ಜಾಸ್ತಿ ಇದ್ದದ್ದು ಯಾರ ಜಾಣತನವೂ ಅಲ್ಲ. ಕೊನೆಯ ಕಂತು 3,000 ಇದ್ದಿದ್ದರೆ ಮನೆಯಾಕೆಯ ಒಳ್ಳೆಯ ಮಾತಿಗೆ ದುಡ್ಡೇ ಇರುತ್ತಿರಲಿಲ್ಲ, 1,700ರ ವಾದವನ್ನೇ ಹಿಡಿಯಬೇಕಿತ್ತು. ಕಾಂಟ್ರಾಕ್ಟರ್ ದಿವಾಳಿ ಎದ್ದಿದ್ದರೆ ಕಥೆಯೇ ಬೇರೆ.

ಬೇರೆ ಕಡೆ ಇರುವವರಿಗೆ ಒಂದು ಮಾತು. ಈ ದಿನಗಳ ಲೆಕ್ಕ ಕ್ಯಾಲಿಫೋರ್ನಿಯಾದ್ದು. ಅರಿಝೋನಾದಲ್ಲಿ ಮಾಲೀಕರೇ ವಾಸವಿರುವ ಮನೆಯ ಮೇಲೆ, ಅವರ ಜೊತೆ ನೇರವಾಗಿ ಲಿಖಿತ ಒಪ್ಪಂದ ಇರುವವರು ಮಾತ್ರ ಲೀನ್ ಹಾಕಬಹುದು. ಅಲ್ಲಿ ಈ ಪ್ರಕರಣ ಹುಟ್ಟುತ್ತಲೇ ಇರಲಿಲ್ಲ. ಫ್ಲೋರಿಡಾದಲ್ಲಿ ಸಬ್ ಕಾಂಟ್ರಾಕ್ಟರಿನ ನೋಟಿಸಿಗೆ 45 ದಿನ. ಕೆನಡಾದ ಒಂಟಾರಿಯೋದಲ್ಲಿ ಪ್ರತಿ ಕಂತಿನಲ್ಲಿ ಶೇ. 10 ಹಿಡಿದಿಡಬೇಕು ಅಂತ ಕಾನೂನೇ ಹೇಳುತ್ತದೆ. ಅರಿಝೋನಾದ ಫೀನಿಕ್ಸ್‌ನಲ್ಲಿರುವ ತಂಗಿ ನಮಗೇನೂ ಆಗಲಿಲ್ಲ ಅಂದಳು ಅಂತ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಂಬಿ ಕೂರಬಾರದು.

ಅದೇ ಮನೆಯವರು ಈಗ ಚಾವಣಿ ಬದಲಿಸುತ್ತಿದ್ದಾರೆ, ಬೇರೆ ಕಾಂಟ್ರಾಕ್ಟರ್. ಈ ಸಲ ಸಹಿ ಹಾಕುವ ಮೊದಲೇ ಯಾರ್ಯಾರು ಸಬ್ ಕಾಂಟ್ರಾಕ್ಟರುಗಳು, ಸಾಮಾನು ಯಾವ ಅಂಗಡಿಯದು ಅಂತ ಪಟ್ಟಿ ಕೇಳಿದರು. ನೋಟಿಸ್ ಬರಲಿ ಬಿಡಲಿ, ಆ ಪಟ್ಟಿಯಲ್ಲಿರುವ ಎಲ್ಲರ ರಿಲೀಸ್ ಬಂದ ಮೇಲೆಯೇ ಮುಂದಿನ ಕಂತು ಅಂತ ಒಪ್ಪಂದದಲ್ಲಿ ಸೇರಿಸಿದರು. ಸಾಮಾನು ಮನೆ ಮುಂದೆ ಇಳಿಯದೆ ಸಾಮಾನಿನ ಹಣ ಇಲ್ಲ. ಕೊನೆಯ ಕಂತನ್ನು ಕಾಂಟ್ರಾಕ್ಟರ್ ಶೇ. 5 ಅಂದ, ಇವರು ಶೇ. 20 ಅಂದರು, 15ಕ್ಕೆ ಒಪ್ಪಂದವಾಯಿತು. ಕೆಲಸ ಶುರುವಾದ ವಾರದಲ್ಲೇ ಚಾವಣಿ ಸಾಮಾನಿನ ಅಂಗಡಿಯಿಂದ ಪ್ರಿಲಿಮಿನರಿ ನೋಟಿಸ್ ಬಂತು. ಮನೆಯಾಕೆ ಕವರಿನ ಮೇಲೆ ಬಂದ ತಾರೀಕು ಬರೆದು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ, ಬಾಕಿ ವಿಚಾರಕ್ಕೆ ಯಾರ ಹತ್ತಿರ ಮಾತಾಡಬೇಕು ಅಂತ ಅಂಗಡಿಯ ಲೆಕ್ಕದವರ ಹೆಸರು ಕೇಳಿ ಬರೆದುಕೊಂಡರು.